ಐದನೆಯ ಸಾಲು

ಜನವರಿ ೯, ಮಂಗಳವಾರ

ದೇಜೊನ್‌ನ ನಮ್ಮ ಸಂಶೋಧನಾಲಯದಿಂದ ನಾಲ್ಕು ಗಂಟೆ ಬಸ್ಸು. ಕಾರ್ಖಾನೆಯ ಅತಿಥಿಗೃಹದಲ್ಲಿ ಮೂರನೆಯ ಮಹಡಿಯ ಕೊನೆಯ ಕೋಣೆ ಕೊಟ್ಟಿದ್ದಾರೆ. ಕಿಟಕಿಯಿಂದ ಕೊಲ್ಲಿ ಕಾಣುತ್ತದೆ, ಸಿಂಪಿ ಬೆಳೆಸುವ ತೇಲುಬುರುಡೆಗಳ ಕರಿಯ ಸಾಲು ಕಾಣುತ್ತದೆ, ಬಲಕ್ಕೆ ತಿರುಗಿದರೆ ಎರಡನೆಯ ಘಟಕದ ಸುಟ್ಟ ಚೌಕಟ್ಟು. ಪರದೆ ಎಳೆದುಬಿಟ್ಟರೆ ಮೂರೂ ಇಲ್ಲ. ನೆಲದಡಿಯ ಬಿಸಿನೀರಿನ ಕೊಳವೆಗಳಿಂದ ನೆಲ ಚೆನ್ನಾಗಿ ಬಿಸಿಯಾಗುತ್ತದೆ.

ಉತ್ಪಾದನಾ ಮುಖ್ಯಸ್ಥ ಮೆಂಗ್ ಚಹಾ ತರಿಸಿ, ನಾನು ವೈದ್ಯಳಲ್ಲ, ಪಿಎಚ್‌ಡಿ ಡಾಕ್ಟರ್ ಎಂದು ತಿಳಿದ ಮೇಲೆ, ನಾನು ಮಾಡುವ ಕೆಲಸ ಏನು ಎಂದು ಕೇಳಿದರು. ಎಲ್ಲ ಕಡೆ ಹೇಳುವುದನ್ನೇ ಹೇಳಿದೆ. ಕೊಪ್ಪರಿಗೆಯ ಲೋಹ ಏಕೆ ಬಿರಿಯಿತು ಎಂದು ನೋಡಲು ಬೇರೆಯವರಿದ್ದಾರೆ. ನಾನು ನೋಡುವುದು ತೀರ್ಮಾನಗಳನ್ನು. ನವೆಂಬರ್ ೧೪ರ ಮಧ್ಯಾಹ್ನ ಎರಡು ನಲವತ್ತೇಳಕ್ಕೆ ರಾಳ ಬೇಯಿಸುವ ಕೊಪ್ಪರಿಗೆ ಸಿಡಿದು ಮೂವರು ಸತ್ತರು. ಅದಕ್ಕೆ ಮೊದಲು ಯಾರು, ಎಷ್ಟು ಹೊತ್ತಿಗೆ, ಏನು ತಿಳಿದುಕೊಂಡು, ಏನು ತೀರ್ಮಾನಿಸಿದರು? ಒಂದೊಂದು ತೀರ್ಮಾನಕ್ಕೆ ಒಂದು ಚೌಕ, ಅದಕ್ಕೆ ಬಂದು ಮುಟ್ಟಿದ ಒಂದೊಂದು ಸುದ್ದಿಗೆ ಒಂದು ಬಾಣ. ನಕ್ಷೆ ಮುಗಿದ ಮೇಲೆ ಚೌಕಗಳನ್ನು ಒಂದೊಂದಾಗಿ ಬದಲಿಸಿ ನೋಡುತ್ತೇನೆ, ಎಲ್ಲಿ ಬದಲಾಗಿದ್ದರೆ ಮೂವರು ಉಳಿಯುತ್ತಿದ್ದರು ಎಂದು.

ಮೆಂಗ್ ತಲೆಯಾಡಿಸಿದರು. "ಹಂಗಾದ್ರೆ ನಿಮಗೆ ಒಂದೇ ಚೌಕ ಸಿಗುತ್ತೆ ಬಿಡಿ" ಎಂದರು. ಯಾವುದು ಎಂದು ನಾನು ಕೇಳಲಿಲ್ಲ. ಕೇಳಿದರೆ ನಕ್ಷೆ ವಾಲುತ್ತದೆ.

ಜನವರಿ ೧೨, ಶುಕ್ರವಾರ

ಗೋಡೆಗೆ ಹಾಳೆ ಅಂಟಿಸಿ ಆಯಿತು. ಇದುವರೆಗೆ ಇಪ್ಪತ್ತಾರು ಚೌಕ. ಸತ್ತವರು ನಕ್ಷೆಯಲ್ಲಿ ಎ-೧, ಎ-೨, ಎ-೩. ಹೆಸರು ಬರೆದರೆ ಕಣ್ಣು ಹೆಸರಿನ ಮೇಲೇ ನಿಂತುಬಿಡುತ್ತದೆ, ಬಾಣ ಕಾಣುವುದಿಲ್ಲ. ಎ-೧ ಫಿಟ್ಟರ್, ಎ-೨ ಇಪ್ಪತ್ತೊಂಬತ್ತು ವಯಸ್ಸಿನ ಕೆಲಸಗಾರ, ಎ-೩ ಪಾಳಿಯ ಮೇಸ್ತ್ರಿ. ಮೆಂಗ್ ಹೇಳಿದ ಒಂದೇ ಚೌಕ ಎ-೩ರದ್ದು ಇರಬೇಕು. ಕಾರ್ಖಾನೆಯ ಮೊದಲ ಪ್ರಕಟಣೆಯಲ್ಲೇ ‘ಮೇಸ್ತ್ರಿಯ ತೀರ್ಮಾನದಲ್ಲಿ ಲೋಪ’ ಎಂದಿದೆ.

ಆ ದಿನ ಪಾಳಿಯವರು ಅನುಸರಿಸುತ್ತಿದ್ದ ಪಟ್ಟಿ ಸಿಕ್ಕಿಲ್ಲ. ಯಾವ ಸೂಚನೆ ಬಂದಾಗ ಏನು ಮಾಡಬೇಕು ಎಂಬ ಪಟ್ಟಿ. ಅದು ತನಿಖಾಧಿಕಾರಿಗಳ ಪೆಟ್ಟಿಗೆಯಲ್ಲಿದೆಯಂತೆ, ಪ್ರತಿಗೆ ಕಾಯಬೇಕಂತೆ. ಅಪಘಾತದ ನಂತರ ಬರೆದ ಹೊಸ ಪಟ್ಟಿ ಕೊಟ್ಟರು. ಅದರಿಂದ ನನಗೇನೂ ಪ್ರಯೋಜನವಿಲ್ಲ.

ಕ್ಯಾಂಟೀನಿನಲ್ಲಿ ಕಂಬದ ಪಕ್ಕದ ಮೇಜು ನನ್ನದು ಎಂದಾಗಿದೆ. ನಾನು ತಟ್ಟೆ ಇಟ್ಟರೆ ಪಕ್ಕದ ಮೇಜಿನವರು ಬೇಗ ಬೇಗ ಉಂಡು ಏಳುತ್ತಾರೆ. ಒಬ್ಬಳೇ ಉಣ್ಣುವುದು ನನಗೆ ಹೊಸದೇನಲ್ಲ. ಸಮಯ ಉಳಿಯುತ್ತದೆ.

ಜನವರಿ ೧೪, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಕೈ ತಾನಾಗಿ ಫೋನಿಗೆ ಹೋಯಿತು. ಅಮ್ಮ ಹೋಗಿ ಹತ್ತು ತಿಂಗಳಾಯಿತು. ಕೈಗೆ ಇನ್ನೂ ಯಾರೂ ಹೇಳಿಲ್ಲ.

ಚೌಕಗಳು: ಮೂವತ್ತೊಂದು.

ಜನವರಿ ೧೭, ಬುಧವಾರ

ನಿಯಂತ್ರಣ ಕೋಣೆಯಲ್ಲಿ ಆ ದಿನ ಕೂತಿದ್ದ ಪ್ಯೊನ್ ಇನ್‌ಹೊನನ್ನು ಮಾತಾಡಿಸಿದೆ. ಮೂವತ್ತಾರು ವಯಸ್ಸು. ಒಂದು ಗಂಟೆ ಹದಿನೈದು ನಿಮಿಷದಲ್ಲಿ ಅವನು ಆಡಿದ್ದು ‘ಹೌದು’, ‘ಇಲ್ಲ’, ‘ನೆನಪಿಲ್ಲ’. ಎರಡು ಮೂವತ್ತೊಂದಕ್ಕೆ ಕೊಪ್ಪರಿಗೆಯ ಶಾಖ ಏರಿತು ಎಂದು ಯಂತ್ರದ ದಾಖಲೆಯೇ ಹೇಳುತ್ತದೆ. ಒತ್ತಡ ಕೊನೆಯವರೆಗೂ ಸರಿಯಾಗಿಯೇ ಇತ್ತು. ತಂಪಿನ ನೀರು ಸರಿಯಾಗಿ ಹರಿಯುತ್ತಿತ್ತು. ಎರಡು ಮೂವತ್ತಾರಕ್ಕೆ ಎ-೩ ಒಂದು ಫೋನ್ ಮಾಡಿದ್ದಾನೆ, ನಲವತ್ತು ಸೆಕೆಂಡು. ಯಾರಿಗೆ ಎಂದೆ. ನೆನಪಿಲ್ಲ ಎಂದ. ಅವನ ಬೆರಳುಗಳು ಮೇಜಿನ ಅಂಚನ್ನು ಒರೆಸುತ್ತಲೇ ಇದ್ದವು.

ಎರಡು ನಲವತ್ತನಾಲ್ಕಕ್ಕೆ ಎ-೩ ಇನ್ನಿಬ್ಬರನ್ನು ಕರೆದುಕೊಂಡು ಕೊಪ್ಪರಿಗೆಯ ಬಳಿಗೆ ಹೋದ. ಏಕೆ ಹೋದ, ಏಕೆ ಇಬ್ಬರನ್ನು ಕರೆದುಕೊಂಡ? ಈ ಚೌಕಕ್ಕೆ ಒಂದು ಬಾಣವೂ ಇಲ್ಲ.

ಜನವರಿ ೨೨, ಸೋಮವಾರ

ಎ-೩ರ ಹೆಂಡತಿಯನ್ನು ನೋಡಲು ಹೋದೆ. ಆ ವಾರ ಅವನ ನಿದ್ದೆ, ಆರೋಗ್ಯ, ಮನೆಯ ಚಿಂತೆ ಹೇಗಿತ್ತು ಎಂದು ಕೇಳಬೇಕಿತ್ತು. ಅರ್ಧ ಗಂಟೆಯ ಕೆಲಸ.

ಅವಳು ಚಿಪ್ಪು ತೆರೆದು ಸಿಂಪಿಯ ಮಾಂಸ ಬಿಡಿಸುವ ಶೆಡ್ಡಿನಲ್ಲಿರುತ್ತಾಳೆ ಎಂದರು. ಉದ್ದನೆಯ ಕಟ್ಟೆಯ ಎರಡೂ ಕಡೆ ನಲವತ್ತು ಹೆಂಗಸರು, ರಬ್ಬರ್ ಕೈಗವಸು, ಮೋಟು ಚಾಕು, ಕಾಲ ಬಳಿ ಚಿಪ್ಪಿನ ಗುಡ್ಡೆ. ನಡುವೆ ಸೀಮೆಎಣ್ಣೆ ಒಲೆ, ಅದರ ಸುತ್ತ ಭುಜಕ್ಕೆ ಭುಜ ತಾಗಿಸಿಕೊಂಡು ಕೂತ ಜನ. ಇವಳು ಮಾತ್ರ ಬಾಗಿಲಿನ ಬದಿಯ ತುದಿಯಲ್ಲಿ, ಬಾಗಿಲಿಗೆ ಇಳಿಬಿಟ್ಟ ಪ್ಲಾಸ್ಟಿಕ್ ಪಟ್ಟಿಗಳು ಗಾಳಿಗೆ ಬೆನ್ನಿಗೆ ಬಡಿಯುವ ಜಾಗದಲ್ಲಿ. ಅವಳ ಪಕ್ಕದಲ್ಲೂ ಎದುರಲ್ಲೂ ಮೂರು ಮೂರು ಮಣೆ ಖಾಲಿ. ಹೆಸರು ಮಾಲ್‌ಸುನ್. ವಯಸ್ಸು ಐವತ್ತೆರಡು.

ನಿಂತುಕೊಂಡೇ ಪ್ರಶ್ನೆ ಕೇಳಲು ಶುರು ಮಾಡಿದೆ. ಅವಳು ತಲೆ ಎತ್ತದೆ, "ಊಟ ಆಯ್ತಾ?" ಎಂದಳು. ಇಲ್ಲ ಎಂದೆ. "ಹಂಗಾದ್ರೆ ಕೂತ್ಕೊಳ್ಳಿ. ನಿಂತು ಕೇಳಿದ್ರೆ ಪೊಲೀಸ್ರು ಕೇಳ್ದಂಗಾಗುತ್ತೆ."

ಕೂತೆ. ಒಲೆಯ ಹತ್ತಿರ ಮಾತು ನಿಂತಿತು. ಅಲ್ಲಿ ಕೂತಿದ್ದ ಕೆಂಪು ಶಾಲಿನವಳು ಯಂಗ್‌ನಿಮ್, ಸತ್ತ ಫಿಟ್ಟರನ ಹೆಂಡತಿ. ಇಬ್ಬರೂ ಇಪ್ಪತ್ತು ವರ್ಷ ಒಂದೇ ಗುಡ್ಡೆಯ ಮುಂದೆ ಕೂತು ಸಿಂಪಿ ಬಿಡಿಸಿದವರು. ಈಗ ಯಂಗ್‌ನಿಮ್ ಈ ಕಡೆ ಮುಖ ಹಾಕುವುದಿಲ್ಲ. ಮೇಸ್ತ್ರಿ ನನ್ನ ಗಂಡನನ್ನು ಕೈ ಹಿಡಿದು ಸಾವಿನ ಬಾಯಿಗೆ ಕರೆದುಕೊಂಡು ಹೋದ ಎಂದು ಊರಿಗೆಲ್ಲ ಹೇಳಿದ್ದಾಳೆ. ಇದನ್ನೂ ಮಾಲ್‌ಸುನ್ ತಾನೇ ಹೇಳಿದ್ದು, ಬೇರೆ ಯಾರದೋ ಸುದ್ದಿ ಹೇಳುವಂತೆ. "ಅವಳ ಜಾಗದಲ್ಲಿ ನಾನಿದ್ರೂ ಹಂಗೇ ಅಂತಿದ್ದೆ" ಎಂದಳು.

ನಿದ್ದೆ ಚೆನ್ನಾಗಿತ್ತು, ಆರೋಗ್ಯ ಚೆನ್ನಾಗಿತ್ತು. ಮಗಳು ಗ್ವಾಂಗ್‌ಜುವಿನಲ್ಲಿ ನರ್ಸ್. ಎರಡು ಗಂಟೆ ಅಲ್ಲೇ ಕೂತುಬಿಟ್ಟೆ ಎಂದು ಬಸ್ ಹತ್ತಿದ ಮೇಲೆ ಗೊತ್ತಾಯಿತು.

ಜನವರಿ ೨೪, ಬುಧವಾರ

ಒಂದೆರಡು ಪ್ರಶ್ನೆ ಉಳಿದಿತ್ತು ಎಂದು ಮತ್ತೆ ಶೆಡ್ಡಿಗೆ ಹೋದೆ. ನನಗೂ ಒಂದು ಚಾಕು ಕೊಟ್ಟಳು. ಚಿಪ್ಪಿನ ಕೀಲು ಎಲ್ಲಿದೆ ಎಂದು ತೋರಿಸಿದಳು. ಅವಳು ಇಪ್ಪತ್ತು ಬಿಡಿಸುವ ಹೊತ್ತಿಗೆ ನನ್ನದು ಒಂದು, ಅದೂ ಚಿಂದಿ. ನೋಡಿ ನಕ್ಕಳು. "ಓದಿದ ಕೈ" ಎಂದಳು.

ಜನವರಿ ೨೯, ಸೋಮವಾರ

ಬೆಳಗಿನ ಹತ್ತಕ್ಕೆ ಪ್ಯೊನ್ ಕಾಫಿ ಯಂತ್ರದ ಹತ್ತಿರ ಕಾದಿದ್ದ. ನನ್ನನ್ನು ನೋಡದೆ, ಲೋಟ ತುಂಬುವುದನ್ನೇ ನೋಡುತ್ತ ಹೇಳಿದ. ಫೋನ್ ಹೋಗಿದ್ದು ಮೆಂಗ್ ಅವರಿಗೆ. ತಾಕ್ ಮೇಸ್ತ್ರಿಗೆ, ಅಂದರೆ ಎ-೩ಕ್ಕೆ, ಆ ಶಾಖ ಹಿಡಿಸಲಿಲ್ಲ. ಕೊಪ್ಪರಿಗೆಗೆ ನೀರು ಬಿಟ್ಟು ಬೇಯುವುದನ್ನು ನಿಲ್ಲಿಸಿಬಿಡಲೇ ಎಂದು ಕೇಳಿದರು.

"ಮೆಂಗ್ ಸಾರ್ ಒಂದೇ ಮಾತು ಕೇಳಿದ್ದು, ಪಟ್ಟಿ ಏನ್ ಹೇಳುತ್ತೆ ಅಂತ. ಪಟ್ಟಿ ಕಾಯಿ ಅನ್ನುತ್ತೆ ಸಾರ್ ಅಂದ್ರು ಇವರು. ಹಂಗಾದ್ರೆ ಪಟ್ಟಿ ಹೇಳ್ದಂಗೆ ಮಾಡು ಅಂತ ಇಟ್ಟುಬಿಟ್ರು. ನನ್ನ ಕೈ ನಿಲ್ಲಿಸೋ ಗುಂಡಿ ಮೇಲೇ ಇತ್ತು ಡಾಕ್ಟ್ರೇ. ಒತ್ತಬೋದಿತ್ತು."

ಲೋಟ ತೆಗೆದುಕೊಳ್ಳದೆಯೇ ಹೊರಟುಹೋದ. ಅವನ ಕಾಫಿ ನಾನೇ ಕುಡಿದೆ. ನಕ್ಷೆಗೆ ಎರಡು ಬಾಣ ಸೇರಿಸಿದೆ. ತಾಕ್ ನಿಲ್ಲಿಸಬೇಕೆಂದಿದ್ದ. ಇದು ಯಾವ ಕಡತದಲ್ಲೂ ಇಲ್ಲ.

ಫೆಬ್ರವರಿ ೧, ಗುರುವಾರ

ಇವತ್ತು ಬರೆಯಲಾರೆ.

ಫೆಬ್ರವರಿ ೩, ಶನಿವಾರ

ಬರೆದಿಡಬೇಕು, ಯಾರಿಗೂ ಅಲ್ಲ, ನನಗೇ.

ಗುರುವಾರ ಶೆಡ್ಡಿನಲ್ಲಿ ಮಾಲ್‌ಸುನ್ ಗಂಡನ ಮಾತು ತೆಗೆದಳು. ಮೇಸ್ತ್ರಿಗಿರಿ ಬಂದ ವರ್ಷ ಪಟ್ಟಿಯ ಎಂಟು ಸಾಲನ್ನೂ ಮಗ್ಗಿಯಂತೆ ಬಾಯಿಪಾಠ ಮಾಡಿದ್ದನಂತೆ. ಇವಳು ಅಡುಗೆ ಮಾಡುತ್ತ ಸಾಲಿನ ಸಂಖ್ಯೆ ಕೂಗುವುದು, ಅವನು ಬಾಗಿಲಲ್ಲಿ ಕೂತು ಒಪ್ಪಿಸುವುದು. ಹಾಗಾಗಿ ಇವಳಿಗೂ ಬರುತ್ತದೆ. ಚಾಕು ನಿಲ್ಲಿಸದೆಯೇ ಹೇಳಿದಳು:

"ಐದನೇ ಸಾಲು. ಶಾಖ ಏರಿದೆ, ಒತ್ತಡ ಸರಿ, ನೀರು ಸರಿ. ಕಾಯಿರಿ. ಒಂದೇ ಸಾಕ್ಷಿಯ ಮಾತಿಗೆ ತೀರ್ಪು ಕೊಡಬೇಡಿ. ಹತ್ತು ನಿಮಿಷದ ಮೇಲೂ ಹಾಗೇ ಇದ್ದರೆ ಹೋಗಿ ಕಣ್ಣಾರೆ ನೋಡಿರಿ. ಒಬ್ಬರೇ ಹೋಗಬೇಡಿ."

ಆ ಸಾಲು ನನ್ನದು.

ಹನ್ನೊಂದು ವರ್ಷದ ಹಿಂದೆ, ಸಂಶೋಧನಾಲಯಕ್ಕೆ ಸೇರುವ ಮೊದಲು, ಈಗ ಮುಚ್ಚಿಹೋಗಿರುವ ಒಂದು ಸಲಹಾ ಕಚೇರಿಯಲ್ಲಿ ಆರು ತಿಂಗಳು ಇದ್ದೆ. ರಾಳದ ಕೊಪ್ಪರಿಗೆಗಳಿಗೆಂದು ಒಂದು ಮಾದರಿ ಪಟ್ಟಿ ಬರೆದುಕೊಟ್ಟೆ. ಕೊಪ್ಪರಿಗೆಯನ್ನು ಹತ್ತಿರದಿಂದ ಒಮ್ಮೆಯೂ ನೋಡದೆ, ಕಾಗದದಿಂದ ಕಾಗದಕ್ಕೆ ಬರೆದೆ. ಆಗ ಎಲ್ಲ ಕಾರ್ಖಾನೆಗಳ ದೂರು ಒಂದೇ: ಸುಮ್ಮಸುಮ್ಮನೆ ನಿಲ್ಲಿಸುತ್ತಾರೆ, ರಾಳ ಒಳಗೇ ಗಟ್ಟಿಯಾಗಿ ಹಾಳಾಗುತ್ತದೆ. ನನ್ನ ಪಟ್ಟಿ ಬಂದ ಮೇಲೆ ಸುಮ್ಮನೆ ನಿಲ್ಲಿಸುವುದು ಕಾಲುಭಾಗಕ್ಕೆ ಇಳಿಯಿತು. ನನ್ನನ್ನು ಹೊಗಳಿದರು. ಸಾಕ್ಷಿ, ತೀರ್ಪು ಎಂಬ ಮಾತನ್ನು ನಾನೇ ಸೇರಿಸಿದ್ದು. ಕೆಲಸಗಾರರಿಗೆ ನೆನಪಿನಲ್ಲಿ ಉಳಿಯಲಿ ಎಂದು.

ಉಳಿಯಿತು.

ತಾಕ್ ಏಕೆ ಕಾದ ಎಂಬುದಕ್ಕೂ ಏಕೆ ಹೋದ ಎಂಬುದಕ್ಕೂ ಏಕೆ ಇಬ್ಬರನ್ನು ಕರೆದುಕೊಂಡ ಎಂಬುದಕ್ಕೂ ಈಗ ಬಾಣ ಇದೆ. ಮೂರೂ ಬಾಣ ಒಂದೇ ಕಡೆಯಿಂದ ಬರುತ್ತವೆ.

ಫೆಬ್ರವರಿ ೫, ಸೋಮವಾರ

ಲೋಹ ಪರೀಕ್ಷಿಸಿದವರ ವರದಿ ಬಂತು. ಕೊಪ್ಪರಿಗೆಯ ಒಳಗೋಡೆಗೆ ರಾಳ ದಪ್ಪಗೆ ಕಟ್ಟಿತ್ತು. ನೀರು ಹೊರಗೆ ಹರಿಯುತ್ತಿದ್ದರೂ ತಂಪು ಒಳಕ್ಕೆ ಇಳಿಯುತ್ತಿರಲಿಲ್ಲ. ಅದೇ ರಾಳ ಒತ್ತಡದ ಮಾಪಕದ ಸಣ್ಣ ಕೊಳವೆಯನ್ನೂ ಮುಚ್ಚಿತ್ತು. ಒಳಗೆ ಒತ್ತಡ ಎಷ್ಟೇ ಏರಿದರೂ ಮುಳ್ಳು ಹಾಗೆಯೇ ಇರುತ್ತದೆ.

ಪಟ್ಟಿ ಬರೆಯುವಾಗ ನಾನು ಲೆಕ್ಕ ಹಾಕಿದ್ದು, ಮೂರು ಸೂಚನೆಗಳೂ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಾಕ್ಷಿಗಳು ಎಂದು. ಎರಡು ಒಟ್ಟಿಗೆ ಸುಳ್ಳು ಹೇಳುವುದು ಹತ್ತು ಸಾವಿರಕ್ಕೆ ಒಂದು ಸಲ. ಇವತ್ತು ಹೊಸದಾಗಿ ಹಾಕಿದೆ. ಕೊಪ್ಪರಿಗೆ ಕೊಳೆಯಾಗಿದ್ದಾಗ ಎರಡಕ್ಕೂ ಬಾಯಿ ಕಟ್ಟುವುದು ಅದೇ ರಾಳ. ಮೂವತ್ತಕ್ಕೆ ಒಂದು ಸಲ. ಬಾಯಿ ಬಿಟ್ಟ ಒಂದೇ ಸಾಕ್ಷಿ ಶಾಖ. ಅದರ ಮಾತು ಕೇಳಬೇಡಿ ಎಂದು ಬರೆದವಳು ನಾನು.

ತಾಕ್ ಹೊಂಗ್‌ಸಿಕ್ ಕೈಯಲ್ಲಿದ್ದ ಸುದ್ದಿ ಇಟ್ಟುಕೊಂಡು ನಕ್ಷೆಯನ್ನು ನಾಲ್ಕು ಸಲ ನಡೆಸಿದೆ. ನಾಲ್ಕು ಸಲವೂ ಅವನು ಕಾಯುತ್ತಾನೆ. ನಾಲ್ಕು ಸಲವೂ ಎದ್ದು ಹೋಗುತ್ತಾನೆ.

ಸಂಜೆ ಮೆಂಗ್ ಕರೆದು, ವರದಿಯಲ್ಲಿ ‘ಮೇಸ್ತ್ರಿಯ ತೀರ್ಮಾನದಲ್ಲಿ ವಿಳಂಬ’ ಎಂದು ಒಂದು ಸಾಲು ಬಂದರೆ ಎಲ್ಲರಿಗೂ ಒಳ್ಳೆಯದು ಎಂದರು. ಕೆಟ್ಟ ಮನುಷ್ಯನಲ್ಲ. ಕಣ್ಣ ಕೆಳಗೆ ಕಪ್ಪಾಗಿದೆ, ಅಪಘಾತವಾದ ಈ ಮೂರು ತಿಂಗಳಲ್ಲಿ ಅಂಗಿಯ ಕತ್ತುಪಟ್ಟಿ ಸಡಿಲವಾಗಿದೆ. ಆ ಸಾಲು ಬಂದರೆ ಅವರೂ ಉಳಿಯುತ್ತಾರೆ. ನಾನೂ ಉಳಿಯುತ್ತೇನೆ. ತನಿಖಾಧಿಕಾರಿಗಳಿಂದ ಪ್ರತಿ ಕೊನೆಗೂ ಬಂತು; ಕಾರ್ಖಾನೆ ಪಟ್ಟಿಯನ್ನು ತನ್ನ ಹೆಸರಿನಲ್ಲಿ ಮತ್ತೆ ಬೆರಳಚ್ಚು ಮಾಡಿಸಿತ್ತು. ನನ್ನ ಹೆಸರು ಎಲ್ಲೂ ಇಲ್ಲ. ಬಾಯಿ ಮುಚ್ಚಿಕೊಂಡರೆ ಸಾಕು.

ಯೋಚಿಸಿ ಹೇಳುತ್ತೇನೆ ಎಂದೆ. ಹಾಗೆ ಹೇಳಿದ್ದಕ್ಕೆ ಈಗ ನಾಚಿಕೆಯಾಗುತ್ತಿದೆ.

ಫೆಬ್ರವರಿ ೧೦, ಶನಿವಾರ. ಚಾಂದ್ರಮಾನದ ಹೊಸವರ್ಷ

ಅತಿಥಿಗೃಹದಲ್ಲಿ ನಾನೊಬ್ಬಳೇ. ಕ್ಯಾಂಟೀನಿಗೆ ಬೀಗ. ಕಾವಲುಗಾರ ಕೂಡ ಊರಿಗೆ ಹೋಗಿ, ಬದಲಿಗೆ ಬಂದವನಿಗೆ ನಾನಿರುವುದೇ ಗೊತ್ತಿರಲಿಲ್ಲ.

ಬೆಳಿಗ್ಗೆ ಎಂಟು ಗಂಟೆಗೆ ಮಾಲ್‌ಸುನ್‌ಳ ಮನೆಗೆ ಹೋದೆ. ಗಂಡ ಸತ್ತ ಮೇಲಿನ ಮೊದಲ ಹಬ್ಬದ ಎಡೆ. ಮೈದುನನ ಮನೆಯವರು ಈ ಸಲ ಬರುವುದಿಲ್ಲ ಎಂದು ಹೇಳಿಕಳಿಸಿದ್ದರು. ಊರಿನ ಬಾಯಿಗೆ ಹೆದರಿ. ಮಗಳಿಗೆ ಆಸ್ಪತ್ರೆಯ ಪಾಳಿ. ಇಬ್ಬರೇ ಸೇರಿ ಎಡೆ ಇಟ್ಟೆವು. ಎಡೆಗಿಡುವ ಪಿಯರ್ ಹಣ್ಣಿನ ತಲೆ ಕೆತ್ತಬೇಕು, ನಾನು ಬುಡ ಕೆತ್ತಿದೆ. ಅವಳು ತಿರುಗಿಸಿ ಇಟ್ಟಳು. ಫೋಟೋದಲ್ಲಿ ಹೊಂಗ್‌ಸಿಕ್ ಎಡಗಣ್ಣು ಸ್ವಲ್ಪ ಕಿರಿದು ಮಾಡಿಕೊಂಡಿದ್ದಾನೆ, ಬಿಸಿಲಿಗೆ ನಿಂತವನ ಹಾಗೆ. ನಾನೂ ಅಡ್ಡಬಿದ್ದೆ. ಎದ್ದಾಗ ಇನ್ನು ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಪಟ್ಟಿ, ಕಚೇರಿ, ಐದನೆಯ ಸಾಲು, ಎಲ್ಲ.

ಅವಳು ಎಡೆಯಿಂದ ಸಾರಿನ ಬಟ್ಟಲು ಇಳಿಸಿ ಬಿಸಿ ಮಾಡಿ, ಅಕ್ಕಿಕಡುಬಿನ ಚೂರು ಹಾಕಿ ನನ್ನ ಮುಂದಿಟ್ಟಳು. "ತಿನ್ನಿ. ಆರುತ್ತೆ."

ತಿಂದೆ. ಬಟ್ಟಲು ಖಾಲಿಯಾಗುವವರೆಗೂ ತಿಂದೆ.

"ಆ ಸಾಕ್ಷಿ ಅನ್ನೋ ಮಾತು ಅವ್ರಿಗೆ ತುಂಬ ಇಷ್ಟ" ಎಂದಳು. "ಇದನ್ನ ಬರ್ದೋರು ಯಾರೋ ನಮ್ಮಂಥೋರ ಕಷ್ಟ ತಿಳ್ದೋರು ಅಂತಿದ್ರು. ಅವಸರದಲ್ಲಿ ಯಾರ್ ಮೇಲೂ ತಪ್ಪು ಹೊರಿಸ್ಬಾರ್ದು ಅನ್ನೋ ಥರ ಇದೆ ಅಂತಿದ್ರು."

ನಾನು ಬಟ್ಟಲು ತೊಳೆಯಲು ಎದ್ದೆ. ಅವಳು ಕೈಯಿಂದ ತೆಗೆದುಕೊಂಡಳು.

"ನಾಳೆಯಿಂದ ಶೆಡ್ಡಿಗೆ ಬರ್ಬೇಡಿ."

ನಡೆದುಕೊಂಡೇ ವಾಪಸು ಬಂದೆ. ಹಬ್ಬದ ದಿನ ಬಸ್ಸಿಲ್ಲ. ಮನೆ ಮನೆಯ ಮುಂದೆ ಚಪ್ಪಲಿಗಳ ರಾಶಿ ಇತ್ತು.

ಫೆಬ್ರವರಿ ೧೬, ಶುಕ್ರವಾರ

ಆರು ದಿನ ಯಾರೊಂದಿಗೂ ಮಾತಿಲ್ಲ. ನಿನ್ನೆ ಅಂಗಡಿಯಲ್ಲಿ ಬ್ಯಾಟರಿ ಕೇಳಲು ಬಾಯಿ ತೆರೆದರೆ ದನಿ ಒಡೆದು ಬಂತು.

ಗೋಡೆಯ ಮೇಲಿದ್ದ ಸಂಕೇತಗಳನ್ನೆಲ್ಲ ತೆಗೆದು ಹೆಸರು ಬರೆದೆ. ಹಾಳೆಯಲ್ಲಿ ಜಾಗ ಸಾಲಲಿಲ್ಲ. ನಕ್ಷೆಯ ತಲೆಯಲ್ಲಿ ಒಂದು ಹೊಸ ಚೌಕ ಬಿಡಿಸಿದೆ, ಹನ್ನೊಂದು ವರ್ಷದ ಹಿಂದಿನದು, ನನ್ನ ಹೆಸರಿನದು: ‘ಕ್ವಾಕ್ ಯೊನ್‌ಜು ಪಟ್ಟಿ ಬರೆಯುತ್ತಾಳೆ’. ಈ ಚೌಕ ಬದಲಾದರೆ ಮೂವರು ಉಳಿಯುತ್ತಾರೆ. ಮೆಂಗ್ ಅವರ ಚೌಕ ಬದಲಾದರೂ ಉಳಿಯುತ್ತಾರೆ. ಮಾಪಕದ ಕೊಳವೆ ತೊಳೆಯುವುದನ್ನು ಮುಂದೂಡಿದ ಚೌಕ ಬದಲಾದರೂ ಉಳಿಯುತ್ತಾರೆ. ಹೊಂಗ್‌ಸಿಕ್‌ನ ಚೌಕವನ್ನು ಮಾತ್ರ ಬದಲಿಸಲು ಆಗುವುದಿಲ್ಲ. ಪಟ್ಟಿ ಮೀರಿದರೆ ಕೆಲಸ ಹೋಗುತ್ತಿತ್ತು, ಮೀರದಿದ್ದಕ್ಕೆ ಜೀವ ಹೋಯಿತು.

ಹೊಸ ಪಟ್ಟಿಯನ್ನೂ ಬರೆದಿಟ್ಟೆ. ಒಂದೇ ಸಾಲು. ಶಾಖ, ಒತ್ತಡ, ನೀರು ಈ ಮೂರರಲ್ಲಿ ಯಾವುದಾದರೂ ಒಂದು ಹದ ತಪ್ಪಿದರೆ, ಕಂಡವರು ಯಾರೇ ಆಗಲಿ, ಯಾರನ್ನೂ ಕೇಳದೆ ನಿಲ್ಲಿಸಬೇಕು. ಯಾರೂ ಹತ್ತಿರ ಹೋಗಬಾರದು.

ಫೆಬ್ರವರಿ ೨೭, ಮಂಗಳವಾರ

ಊರಿನ ಸಭಾಭವನದಲ್ಲಿ ವಿಚಾರಣೆ ನಡೆಯಿತು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಹಿಂದೆ ಮನೆಯವರು. ಯಂಗ್‌ನಿಮ್ ಕಿಟಕಿಯ ಪಕ್ಕ. ಸತ್ತ ಕೆಲಸಗಾರನ ತಂದೆತಾಯಿ ಅವಳ ಜೊತೆ. ಮಾಲ್‌ಸುನ್ ಬಾಗಿಲ ಬಳಿ, ಒಬ್ಬಳೇ, ಕೋಟಿನ ಗುಂಡಿಯನ್ನೂ ಬಿಚ್ಚದೆ.

ಇಪ್ಪತ್ತು ನಿಮಿಷದ ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಎದ್ದು ನಿಂತಾಗ ಐದನೆಯ ಸಾಲನ್ನು ಓದಿದೆ, ಅಷ್ಟೆ. ಆಮೇಲೆ ಹೇಳಿದೆ: "ತಾಕ್ ಹೊಂಗ್‌ಸಿಕ್ ಅವರು ಕಾದಿದ್ದು ಪಟ್ಟಿ ಕಾಯಿರಿ ಅಂದಿದ್ದಕ್ಕೆ. ಹೋಗಿದ್ದು ಪಟ್ಟಿ ಹೋಗಿ ಅಂದಿದ್ದಕ್ಕೆ. ಇಬ್ಬರನ್ನ ಕರ್ಕೊಂಡಿದ್ದು ಒಬ್ಬರೇ ಹೋಗ್ಬೇಡಿ ಅಂದಿದ್ದಕ್ಕೆ. ಪಟ್ಟಿ ತಪ್ಪು. ಅದನ್ನ ಬರೆದಿದ್ದು ನಾನು."

ಮುಂದಿನ ಸಾಲಿನವರೆಲ್ಲ ಒಮ್ಮೆಗೇ ಕಾಗದ ಮಗುಚಲು ತೊಡಗಿದರು. ಪ್ಯೊನ್ ಹಿಂದಿನಿಂದ ಎದ್ದ. ಯಾರೂ ಅವನನ್ನು ಕೇಳಿರಲಿಲ್ಲ. ಫೋನಿನ ವಿಷಯ ಹೇಳಿ, ತನ್ನ ಕೈ ಗುಂಡಿಯ ಮೇಲಿದ್ದ ವಿಷಯವನ್ನೂ ಹೇಳಿ, ನಿಂತೇ ಇದ್ದ. ಅಧಿಕಾರಿ ಮೆಂಗ್ ಅವರ ಕಡೆ ನೋಡಿದರು. ಮೆಂಗ್ ಸುಳ್ಳು ಹೇಳಬಹುದಿತ್ತು, ಪ್ಯೊನ್‌ನ ಮಾತಿಗೆ ಬೇರೆ ಆಧಾರವಿಲ್ಲ. ಅವರು ಹೌದು ಎಂದರು. ಪಟ್ಟಿ ಏನು ಹೇಳುತ್ತದೆ ಎಂದು ತಾನು ಕೇಳಿದ್ದು ನಿಜ, ಆ ಮಾತು ಮೂರು ತಿಂಗಳಿಂದ ಕಿವಿಯಲ್ಲಿದೆ ಎಂದರು.

ಹೊರಗೆ ಯಂಗ್‌ನಿಮ್ ನನ್ನನ್ನು ಅಡ್ಡಗಟ್ಟಿದಳು. ಅಳಲಿಲ್ಲ, ಕೂಗಾಡಲಿಲ್ಲ.

"ಇಷ್ಟು ದಿನ ಅವಳ ಮೇಲೆ ಇಟ್ಕೊಂಡಿದ್ದ ಸಿಟ್ಟನ್ನೆಲ್ಲ ಈಗ ನಿಮ್ಮ ಮೇಲೆ ಇಟ್ಕೋಬೇಕಾ?"

"ಇಟ್ಕೊಳ್ಳಿ."

"ಸುಲಭವಾಗಿ ಹೇಳ್ತೀರಲ್ಲ. ನನ್ನ ಕೈಲಿ ಮತ್ತೆ ಮೊದಲಿಂದ ಶುರು ಮಾಡೋ ಶಕ್ತಿ ಇಲ್ಲ ಡಾಕ್ಟರಮ್ಮ."

ಅವಳು ಹೋದ ಮೇಲೂ ಅಲ್ಲೇ ನಿಂತಿದ್ದೆ.

ಮಾರ್ಚ್ ೪, ಸೋಮವಾರ

ಸಂಶೋಧನಾಲಯದಿಂದ ಆದೇಶ ಬಂತು. ತನಿಖೆಯಿಂದ ನನ್ನನ್ನು ಕೈಬಿಟ್ಟಿದ್ದಾರೆ. ನನ್ನದೇ ಪಟ್ಟಿಯನ್ನು ನಾನೇ ತನಿಖೆ ಮಾಡಬಾರದು ಎಂಬುದು ನ್ಯಾಯವೇ. ಬೇರೊಬ್ಬರು ಮುಂದುವರಿಸುತ್ತಾರೆ, ನಾನು ಬರೆದಿಟ್ಟ ಒಂದು ಸಾಲಿನ ಹೊಸ ಪಟ್ಟಿಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರಂತೆ. ಶಿಸ್ತಿನ ಸಮಿತಿ ಮುಂದೆ ಕರೆಯಬಹುದು. ಅಲ್ಲಿಯವರೆಗೆ ರಜೆ.

ಬಸ್ಸಿಗೆ ಹೋಗುವ ದಾರಿ ಶೆಡ್ಡಿನ ಮುಂದೆಯೇ. ಒಳಗೆ ಹೋಗಲಿಲ್ಲ. ಪ್ಲಾಸ್ಟಿಕ್ ಪಟ್ಟಿಗಳ ಸಂದಿಯಿಂದ ಕಂಡದ್ದು: ಬಾಗಿಲ ತುದಿಯಲ್ಲಿ ಯಾರೂ ಇರಲಿಲ್ಲ. ಮಾಲ್‌ಸುನ್ ಒಲೆಯ ಕಡೆ ಕೂತಿದ್ದಳು. ಅವಳಿಗೂ ಯಂಗ್‌ನಿಮ್‌ಗೂ ನಡುವೆ ಒಂದು ಮಣೆ ಖಾಲಿ ಇತ್ತು. ಒಂದೇ.

ಹೊರಟಿದ್ದೆ. ಹಿಂದಿನಿಂದ ರಬ್ಬರ್ ಬೂಟಿನ ಸಪ್ಪಳ, ಮಾಲ್‌ಸುನ್.

"ಅಕ್ಕ, ನಿಲ್ಲಿ." ಕೈಗವಸು ಹಾಗೇ ಇತ್ತು, ನೀರು ತೊಟ್ಟಿಕ್ಕುತ್ತಿತ್ತು. "ಒಂದು ಕೇಳ್ಬೇಕು. ಆ ಪಟ್ಟಿ ಬೇರೆ ಕಡೆನೂ ಇದೆಯಾ?"

ಆ ಕಚೇರಿ ಮಾರಿದ್ದು ಹನ್ನೊಂದು ಕಾರ್ಖಾನೆಗಳಿಗೆ, ಇದನ್ನು ಬಿಟ್ಟರೆ ಹತ್ತು ಎಂದೆ.

"ಅಲ್ಲೆಲ್ಲ ಇನ್ನೂ ಅದನ್ನೇ ಬಾಯಿಪಾಠ ಮಾಡ್ತಿದಾರಾ?"

ಇರಬಹುದು ಎಂದೆ.

"ಮತ್ತೆ ಇಲ್ಲಿ ಯಾಕೆ ನಿಂತಿದೀರಿ?"

ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಏಪ್ರಿಲ್ ೧೮, ಗುರುವಾರ

ನಾಲ್ಕನೆಯ ಕಾರ್ಖಾನೆ. ಪತ್ರ ಬರೆದರೆ ಯಾರೂ ಉತ್ತರಿಸುವುದಿಲ್ಲ, ಅದಕ್ಕೆ ಖುದ್ದಾಗಿ ಹೋಗುತ್ತಿದ್ದೇನೆ. ಎರಡು ಕಡೆ ಕಚೇರಿಯವರು ಗೇಟಿನಿಂದಲೇ ಕಳಿಸಿದರು. ಅಲ್ಲಿ ಪಾಳಿ ಬಿಡುವ ಹೊತ್ತಿಗೆ ಕಾದು ಮೇಸ್ತ್ರಿಗಳನ್ನೇ ಹಿಡಿದೆ. ಐದನೆಯ ಸಾಲು ಎಂದು ಶುರು ಮಾಡಿದರೆ ಅವರೇ ಪೂರ್ತಿ ಹೇಳುತ್ತಾರೆ. ಇವತ್ತಿನ ಮೇಸ್ತ್ರಿ, ಉಮ್ ಎನ್ನುವವರು, ಬಾಯಿಪಾಠ ಮುಗಿಸಿ, ಚೆನ್ನಾಗಿದೆ ಅಲ್ವಾ ಮೇಡಂ ಎಂದರು. ನಡೆದದ್ದನ್ನು ಹೇಳಿದೆ. ಗೇಟಿನ ಎದುರಿನ ಅಂಗಡಿಗೆ ಕರೆದುಕೊಂಡು ಹೋಗಿ ಏಡಿ ಸಾರು ಊಟ ಹಾಕಿಸಿದರು, ತಮ್ಮ ಪಾಳಿಯ ಐದು ಜನರನ್ನೂ ಕರೆದರು. ಅವರಿಗೂ ಹೇಳಿದೆ. ಒಂದೊಂದು ಕಡೆಯೂ ಹೇಳಬೇಕು, ಬರೆದದ್ದು ನಾನು ಎಂದು. ಹೇಳಿ ಹೇಳಿ ಅಭ್ಯಾಸವಾಗುತ್ತದೆ ಎಂದುಕೊಂಡಿದ್ದೆ. ಆಗುವುದಿಲ್ಲ.

ಏಡಿ ಸಾರು ಅಮ್ಮ ಮಾಡುತ್ತಿದ್ದುದಕ್ಕಿಂತ ಖಾರ.

ಮೇ ೨೧, ಮಂಗಳವಾರ

ಏಳನೆಯ ಕಾರ್ಖಾನೆಯ ಗೇಟಿನಲ್ಲಿ ಕೂತಿದ್ದಾಗ ಪ್ಯೊನ್ ಫೋನ್ ಮಾಡಿದ. ಮೂರನೆಯ ಘಟಕ ಶುರುವಾಗಿ ಹದಿನೈದು ದಿನವಾಗಿದೆ. ಈಗ ಅವನೇ ಪಾಳಿಯ ಮೇಸ್ತ್ರಿ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಶಾಖ ಏರಿತಂತೆ. ಒತ್ತಡ ಸರಿ, ನೀರು ಸರಿ. ಯಾರನ್ನೂ ಕೇಳದೆ ಗುಂಡಿ ಒತ್ತಿದ.

ಮೆಂಗ್ ಅವರ ಜಾಗಕ್ಕೆ ಬಂದ ಹೊಸ ಮುಖ್ಯಸ್ಥ ಓಡಿಬಂದು ಏನಾಯಿತು ಎಂದ. ಶಾಖ ಏರಿತು, ನಿಲ್ಲಿಸಿದೆ ಎಂದನಂತೆ ಇವನು. ತೆರೆದು ನೋಡಿದರೆ ಕೊಪ್ಪರಿಗೆ ಸರಿಯಾಗಿಯೇ ಇದೆ. ಶಾಖದ ಮಾಪಕವೇ ಕೆಟ್ಟಿತ್ತು.

"ಅಂದ್ರೆ ಏನೂ ಆಗಿರ್ಲಿಲ್ಲ ಡಾಕ್ಟ್ರೇ. ಸುಮ್ನೆ ನಿಲ್ಲಿಸ್ದೆ. ತಪ್ಪಾಯ್ತಾ?"

ತಪ್ಪಾಗಲಿಲ್ಲ ಎಂದೆ.

"ರಾಳ ಎಲ್ಲ ಒಳಗೇ ಕಲ್ಲಾಗಿದೆ. ನಾಲ್ಕು ದಿನ ಸುತ್ತಿಗೆ ಉಳಿ ಹಿಡ್ಕೊಂಡು ಒಡೀಬೇಕು. ಎಲ್ಲಾರೂ ನನ್ನ ಬೈತಾ ಇದಾರೆ."

"ಎಲ್ಲ ಅಂದ್ರೆ?"

"ಪಾಳಿಯೋರು. ಹತ್ತೊಂಬತ್ತು ಜನ. ಒಬ್ರೂ ಬಿಟ್ಟಿಲ್ಲ."

ಫೋನನ್ನು ಅತ್ತ ಹಿಡಿ ಎಂದೆ. ಹಿಡಿದ. ಸುತ್ತಿಗೆಯ ಸದ್ದಿನ ನಡುವೆ ಅವರ ದನಿಗಳು ಬಂದವು, ಒಬ್ಬ ಅವನ ಅಪ್ಪನಿಂದ ಹಿಡಿದು ಬೈಯುತ್ತಿದ್ದ, ಇನ್ನೊಬ್ಬ ಊಟದ ಹೊತ್ತಾಯಿತೆಂದು ಬೈಯುತ್ತಿದ್ದ, ಯಾರೋ ನಗುತ್ತಿದ್ದರು. ಗೇಟಿನವನು ಬಂದು ನನ್ನನ್ನು ಒಳಗೆ ಕರೆಯುವವರೆಗೂ ಕೇಳುತ್ತ ಕೂತಿದ್ದೆ. ಹತ್ತೊಂಬತ್ತು ಜನವೂ ಬೈಯುತ್ತಿದ್ದರು.